ಮಡಚುವ ಏಡಿ ಬೋನು: ಪೆಟ್ಟಿಗೆಯದ್ದೇ ತಗೊಳ್ಳಿ

ಗಂಗೊಳ್ಳಿ ಅಳಿವೆಯಲ್ಲಿ ಏಡಿ ಹಿಡಿಯುವವರಿಗೆ ಈಗ ಆನ್‌ಲೈನ್‌ನಲ್ಲಿ ಎರಡು ನಮೂನೆಯ ಮಡಚುವ ಬೋನು ಸಿಗುತ್ತದೆ. ಒಂದು ಕೊಡೆಯ ಹಾಗೆ ಬಿಚ್ಚಿಕೊಳ್ಳುವ ದುಂಡನೆಯದ್ದು. ಇನ್ನೊಂದು ಕಬ್ಬಿಣದ ಸರಳಿಗೆ ನೈಲಾನ್ ಬಲೆ ಹೊದಿಸಿದ ಉದ್ದ ಪೆಟ್ಟಿಗೆ. ಎರಡನ್ನೂ ಬಳಸಿದ್ದೇನೆ. 5ರಲ್ಲಿ ಪೆಟ್ಟಿಗೆಗೆ 4, ಕೊಡೆಗೆ 2.

ಇಷ್ಟು ವ್ಯತ್ಯಾಸ ಬಾಗಿಲಿನಿಂದ. ಪೆಟ್ಟಿಗೆಯ ಎರಡೂ ತುದಿಯಲ್ಲಿ ಕೆಳಗಿನಿಂದೊಂದು, ಮೇಲಿನಿಂದೊಂದು ಬಲೆ ಒಳಮುಖವಾಗಿ ಬಂದು ನಡುವೆ ಅಡ್ಡ ಸೀಳು ಆಗುತ್ತದೆ. ಏಡಿ ಅಡ್ಡಡ್ಡ ನಡೆಯುವ ಪ್ರಾಣಿ ಅಲ್ವಾ? ವಾಸನೆ ಹಿಡಿದು ಇಳಿಜಾರು ಹತ್ತಿ, ಸೀಳಿನಲ್ಲಿ ಸಲೀಸಾಗಿ ತೂರಿ ಒಳಗೆ ಬೀಳುತ್ತದೆ. ಹೊರಗೆ ಬರೋಕೆ ಅದು ಹುಡುಕುವುದು ನೆಲದ ಮೂಲೆಗಳನ್ನು. ಸೀಳು ಇರುವುದು ಮೇಲೆ. ಕೊಡೆ ಬೋನಿನಲ್ಲಿ ಸುತ್ತಲೂ ದುಂಡು ತೂತುಗಳು. ದೊಡ್ಡ ಗಂಡು ಏಡಿಯ ಮುಂಗಾಲು ಅಲ್ಲೇ ತಡೆಯುತ್ತದೆ, ಸಣ್ಣವು ಬಂದ ದಾರಿಯಲ್ಲೇ ವಾಪಸ್. ಹಗುರ ಬೇರೆ, ಇಳಿತದ ಸೆಳೆತ ಜಾಸ್ತಿ ಇದ್ದರೆ ಉರುಳಿಹೋಗುತ್ತದೆ.

ಹಳೆಯ ಏಡಿ ಬಲೆಯಾದರೆ ಪಕ್ಕದಲ್ಲೇ ಕೂತು ಗಳಿಗೆಗೊಮ್ಮೆ ಎತ್ತಬೇಕು. ಪೆಟ್ಟಿಗೆ ಬೋನನ್ನು ಹಾಕಿ ಬೇರೆ ಕೆಲಸಕ್ಕೆ ಹೋಗಬಹುದು. ಬಾಗಿಲು ಮಾತ್ರ ನೀರಿನ ಹರಿವಿಗೆ ನೇರ ಇರಲಿ. ಏಡಿ ವಾಸನೆ ಹಿಡಿದು ಹರಿವಿಗೆ ಎದುರಾಗಿಯೇ ಬರುತ್ತದೆ. ಎರೆಗೆ ಬೂತಾಯಿ ಮೀನು ಕಟ್ಟಿದರೆ ಬೇಗ ಕರಗಿಹೋಗುತ್ತದೆ, ಗಟ್ಟಿ ಮೀನಿನ ತಲೆ ಒಳ್ಳೆಯದು. ಅದನ್ನು ಸರೀ ನಡುವಿಗೆ ಕಟ್ಟಿ. ಬದಿಗೆ ಕಟ್ಟಿದರೆ ಏಡಿ ಹೊರಗೇ ನಿಂತು ತಿಂದು ಹೋಗುತ್ತದೆ.

ಒಂದು ಅಂಕ ಕಡಿಮೆ ಕೊಟ್ಟದ್ದು ಯಾಕೆ ಅಂದರೆ, ಈ ಬೋನಿನಲ್ಲಿ ಬಿಡುಗಡೆಯ ದಾರಿಯೇ ಇಲ್ಲ. ದೋಣಿಯ ಫ್ಯಾನಿಗೆ ಸಿಕ್ಕಿ ಬೋನಿನ ಹಗ್ಗ ತುಂಡಾಯಿತು ಅಂತಿಟ್ಟುಕೊಳ್ಳಿ. ಬೋನು ತಳದಲ್ಲಿ ಕೂತು ಹಿಡಿಯುತ್ತಲೇ ಇರುತ್ತದೆ. ಒಳಗೆ ಸತ್ತ ಏಡಿಯೇ ಮುಂದಿನದ್ದಕ್ಕೆ ಎರೆ. ನೈಲಾನ್ ಕೊಳೆಯುವುದಿಲ್ಲ. ಯಾರ ಹೊಟ್ಟೆಗೂ ಸೇರದೆ ಅಷ್ಟು ಜೀವ ಸುಮ್ನೆ ಹೋಗುವುದು ನನಗೆ ಸಹಿಸಲಾಗದ ಮಾತು. ಅಮೆರಿಕದ ಫ್ಲೋರಿಡಾದಲ್ಲಿ ಏಡಿ ಬೋನಿಗೆ ಕೊಳೆತು ಬಿಚ್ಚಿಕೊಳ್ಳುವ ಭಾಗ ಇರಲೇಬೇಕು ಅಂತ ನಿಯಮವಿದೆ. ನಮಗೆ ಮಾರುವವರೂ ಅದನ್ನು ಮಾಡಿಯೇ ಕಳಿಸಬೇಕು.

ಅಲ್ಲಿಯವರೆಗೆ ನಾವೇ ಮಾಡಿಕೊಳ್ಳಬಹುದು. ಬದಿಯ ಬಲೆಯನ್ನು ತಳದ ಹತ್ತಿರ ಒಂದು ಗೇಣು ಕತ್ತರಿಸಿ, ಹತ್ತಿ ದಾರದಲ್ಲಿ ಮತ್ತೆ ಹೊಲಿಯಿರಿ. ಬೋನು ಕಳೆದುಹೋದರೆ ದಾರ ಕೊಳೆತು ಬಾಯಿ ಬಿಡುತ್ತದೆ, ಏಡಿ ನಡೆದು ಹೊರಬರುತ್ತದೆ. ಬಳಸುತ್ತಿರುವ ಬೋನಿನ ದಾರವನ್ನು ಆಗಾಗ ಎಳೆದು ನೋಡಿ, ಸಡಿಲವಾಗಿದ್ದರೆ ಹೊಸದು ಹಾಕಿ.