ಕಾರಿಗೆ ಟಿಂಕರಿಂಗ್ (ಬಾಡಿ ತಗಡಿನ ರಿಪೇರಿ) ಮಾಡಿಸ್ತಿದ್ದೀರಾ? ಪುಟ್ಟಿ ಹಚ್ಚೋ ಮುಂಚೆ ಒಮ್ಮೆ ಹೋಗಿ ನೋಡಿ

ನಮ್ಮದು 2004ರ ಮಾರುತಿ 800. ಅಪ್ಪ ಕೊಂಡಿದ್ದು, ಮಾರೋಕೆ ಮನಸ್ಸಿಲ್ಲ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ತುಕ್ಕು ಹಿಡಿದು, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಮೈಸೂರಿನ ಒಂದು ಗ್ಯಾರೇಜಿನಲ್ಲಿ ವಿಚಾರಿಸಿದೆ. "ಕೊಳೆತಿದ್ದೆಲ್ಲ ಕಟ್ ಮಾಡಿ ಹೊಸ ತಗಡು ವೆಲ್ಡ್ ಮಾಡ್ತೀವಿ ಸರ್, ಪೇಂಟ್ ಸೇರಿ 14,000" ಅಂದರು. ನಾಲ್ಕನೇ ದಿನ ಗಾಡಿ ಕೈಗೆ ಬಂತು. ಬಣ್ಣ ಫಳಫಳ ಅಂತಿತ್ತು. ಖುಷಿಯಲ್ಲಿ ಹುಡುಗರಿಗೆ ಟೀ ಕಾಸು ಬೇರೆ ಕೊಟ್ಟು ಬಂದೆ. ಈಗ ಹೊಟ್ಟೆ ಜಾಸ್ತಿ ಉರಿಯೋದು ಅದಕ್ಕೇ.

ಐದು ತಿಂಗಳಾಗಿರಬೇಕು, ಮಳೆಗಾಲ. ಮಂಡ್ಯಕ್ಕೆ ಹೋಗುವಾಗ ಶ್ರೀರಂಗಪಟ್ಟಣ ದಾಟಿದ ಮೇಲೆ ಪಂಕ್ಚರ್ ಆಯ್ತು. ಅದೇ ರನ್ನಿಂಗ್ ಬೋರ್ಡಿನ ಅಡಿಗೆ ಜಾಕ್ ಇಟ್ಟು ತಿರುಗಿಸಿದೆ. ಜಾಕ್ ಮೇಲೆ ಹೋಯಿತು, ಕಾರು ಮಾತ್ರ ಇದ್ದಲ್ಲೇ ಇತ್ತು. ಕರಕ್ ಅಂತ ಸದ್ದಾಗಿ ಅಂಗೈ ಅಗಲದ ಪುಟ್ಟಿ ಹೆಂಟೆ ಕಳಚಿ ಬಿತ್ತು. ಒಳಗೆ ಏನಿತ್ತು ಗೊತ್ತಾ? ಮಡಿಸಿ ತುರುಕಿದ ನ್ಯೂಸ್ ಪೇಪರ್. ಯುಗಾದಿ ಸೀರೆ ರಿಯಾಯ್ತಿಯ ಜಾಹೀರಾತು ಇನ್ನೂ ಓದೋ ಹಾಗಿತ್ತು.

ಮಂಡ್ಯದಲ್ಲಿ ಪರಿಚಯದ ಹಳೇ ಟಿಂಕರ್ ಒಬ್ಬರಿಗೆ ತೋರಿಸಿದೆ. ಉಳಿದ ಪುಟ್ಟಿ ಕೆತ್ತಿ ಟಾರ್ಚ್ ಬಿಟ್ಟು, "ತುಕ್ಕಿಗೆಲ್ಲಾರ ವೆಲ್ಡಿಂಗ್ ಹಿಡಿದದಾ ಸಾ?" ಅಂದರು. ಕಾರಿನ ಬಾಡಿ ತಗಡು ಇರೋದೇ ಹೆಚ್ಚುಕಮ್ಮಿ 0.8 ಮಿ.ಮೀ. ದಪ್ಪ. ಗೇಟು, ಗ್ರಿಲ್ ಬೆಸೆಯೋ ಆರ್ಕ್ ಕಡ್ಡಿ ತಾಗಿಸಿದರೆ ತೂತು ಬೀಳುತ್ತದೆ. ಮೈಸೂರಿನ ಗ್ಯಾರೇಜಿನವರು ಹಳೇ ತುಕ್ಕಿನ ಮೇಲೇ ತುಂಡು ತಗಡಿಟ್ಟು ಆರ್ಕ್ ಕೊಟ್ಟಿದ್ದರು. ಬಿದ್ದ ತೂತಿಗೆ ಪೇಪರ್, ಅದರ ಮೇಲೆ ಬೆರಳು ದಪ್ಪ ಪುಟ್ಟಿ. ಪುಟ್ಟಿ 2-3 ಮಿ.ಮೀ. ದಾಟಿದರೆ ಬಿರುಕು ಬಿಡುತ್ತೆ. 800ಕ್ಕೆ ಲಾರಿಯ ಹಾಗೆ ಅಡಿಯಲ್ಲಿ ಬೇರೆ ಚಾಸಿ ಚೌಕಟ್ಟು ಇಲ್ಲ, ಭಾರ ಹೊರೋದು ಬಾಡಿಯೇ. ಪೇಪರ್ ಮೇಲೆ ಮನೆಮಂದಿಯನ್ನ ಕೂರಿಸಿಕೊಂಡು ಓಡಾಡಿದ್ದೆ ಅನ್ನಿ.

ಕೆಲಸ ಮಂಡ್ಯದ ಟಿಂಕರ್‌ಗೇ ಕೊಟ್ಟೆ. ಇವರು ಮೊದಲು ಬ್ಯಾಟರಿ ವೈರ್ ಬಿಚ್ಚಿದರು, ಇಂಜಿನ್ ನಡೆಸೋ ಕಂಪ್ಯೂಟರ್, ಅಂದರೆ ಇಸಿಎಂ, ಸುಡಬಾರದು ಅಂತ. ಕಾರ್ಪೆಟ್ ಎತ್ತಿದಾಗ ಹಿಂದಿನ ಗ್ಯಾರೇಜಿನವರು ಅದರಲ್ಲಿ ಸುಟ್ಟಿದ್ದ ತೂತೂ ಸಿಕ್ಕಿತು! ಬಾಗಿಲ ಜಾಗ ಅಲುಗದ ಹಾಗೆ ಅಡ್ಡ ಪಟ್ಟಿ ಕೊಟ್ಟು, ಬೆಳ್ಳಗೆ ಹೊಳೆಯೋ ತಗಡು ಸಿಗೋವರೆಗೆ ಕತ್ತರಿಸಿದರು. ರಟ್ಟಿನಲ್ಲಿ ಅಳತೆ ತೆಗೆದು ಹೊಸ ತಗಡು ಬಗ್ಗಿಸಿದರು. ವೆಲ್ಡಿಂಗ್ ಸಿಓಟು (ಗ್ಯಾಸ್ ಬಿಟ್ಟು ಸಣ್ಣ ತಂತಿಯಲ್ಲಿ ಬೆಸೆಯೋದು), ಅದೂ ರಂಗೋಲಿ ಚುಕ್ಕಿ ಇಟ್ಟ ಹಾಗೆ. ಇಲ್ಲೊಂದು, ಗೇಣು ದೂರ ಇನ್ನೊಂದು, ಆರಿದ ಮೇಲೆ ನಡುವೆ ಮತ್ತೊಂದು. ಒಂದೇ ಸಮ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತೆ.

ನೀವು ಗ್ಯಾರೇಜಿಗೆ ಹೋಗುವಾಗ ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಜೇಬಲ್ಲಿ ಇಟ್ಟುಕೊಂಡು ಹೋಗಿ. ಪುಟ್ಟಿ ದಪ್ಪ ಇದ್ದರೆ ಅದು ಹಿಡಿಯಲ್ಲ. ಆದರೆ ತುಕ್ಕಿನ ಮೇಲೆ ತಗಡು ಕೂರಿಸಿದ್ದರೆ ಅದಕ್ಕೂ ಗೊತ್ತಾಗಲ್ಲ. ಹಾಗಾಗಿ ಕಟ್ ಮಾಡಿದ ದಿನ ಒಮ್ಮೆ, ವೆಲ್ಡಿಂಗ್ ಮುಗಿದು ಪ್ರೈಮರ್ ಹೊಡೆಯೋ ಮುಂಚೆ ಒಮ್ಮೆ ನೀವೇ ಹೋಗಿ ಫೋಟೋ ತೆಗೀರಿ. "ಯಾಕೆ ಸರ್, ನಂಬಿಕೆ ಇಲ್ವಾ?" ಅಂದರೆ ಗಾಡಿ ವಾಪಸ್ ತನ್ನಿ.

ಎರಡನೇ ಸಲ 19,000 ಆಯ್ತು. ಪುಟ್ಟಿ ಹೆಂಟೆ, ಪೇಪರ್ ಎರಡನ್ನೂ ಕವರಲ್ಲಿ ಹಾಕಿಕೊಂಡು ಮೊದಲಿನ ಗ್ಯಾರೇಜಿಗೆ ಹೋದೆ. ಬಿಲ್ ತೋರಿಸಿ ಅಂದರು. ನನ್ನ ಹತ್ತಿರ ಇದ್ದದ್ದು ಬೀಡಿ ಪೊಟ್ಟಣದ ಹಿಂದೆ ಅವರೇ ಬರೆದುಕೊಟ್ಟ ಲೆಕ್ಕ ಅಷ್ಟೇ.