ಯೂರಿಯೇಸ್ ಕಿಟ್: ಬೋನಿನ ಕೋತಿಗಳಿಗೆ ಎಷ್ಟು ನಂಬಬಹುದು?

ಮನುಷ್ಯರ ಎಂಡೋಸ್ಕೋಪಿಗೆ ಬಳಸುವ ಈ ಪುಟ್ಟ ಕಿಟ್ ಕೋತಿಗಳಿಗೂ ಆಗುತ್ತದೆ. ಹಳದಿ ಗುಳಿಯಲ್ಲಿ ಯೂರಿಯಾ ಮತ್ತು ಬಣ್ಣ ಬದಲಿಸಿ ಸೂಚನೆ ಕೊಡುವ ಫೀನಾಲ್ ರೆಡ್ ಇರುತ್ತವೆ. ಎಂಡೋಸ್ಕೋಪಿಯಲ್ಲಿ ತೆಗೆದ ಜಠರದ ಚೂರನ್ನು ಅದರೊಳಗಿಡಬೇಕು. ಚೂರಿನಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಹುಟ್ಟಿ ಬಣ್ಣ ಗುಲಾಬಿಗೆ ತಿರುಗುತ್ತದೆ. ಸೋಂಕು ಜೋರಾಗಿದ್ದರೆ ಗಂಟೆಯೊಳಗೇ ಸುಳಿವು. ಇದೇ ಇದರ ದೊಡ್ಡ ಗುಣ.

ಎಡವಟ್ಟಾಗುವುದು ಚೂರು ತೆಗೆಯುವಲ್ಲಿ. ಒಂದೇ ಚೂರು ಸಾಲದು: ಜಠರದ ಕೆಳಭಾಗದಿಂದ ಒಂದು, ನಡುಭಾಗದಿಂದ ಇನ್ನೊಂದು ಬೇಕು. ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರವ) ತಾಗಿದ ಚಿಮಟ ಮುಟ್ಟಿಸಿದರೆ ಪರೀಕ್ಷೆ ಕೆಟ್ಟಿತು. ಆದ್ದರಿಂದ ಕಿಟ್‌ಗೆ ಮೊದಲು, ಫಾರ್ಮಲಿನ್ ಬಾಟಲಿಗೆ ಆಮೇಲೆ. ಜಠರದ ಆಮ್ಲ ತಗ್ಗಿಸುವ ಒಮೆಪ್ರಜೋಲ್ 2 ವಾರ, ಆಂಟಿಬಯೋಟಿಕ್ 4 ವಾರ ಮೊದಲೇ ನಿಲ್ಲಿಸಿರಬೇಕು. 24 ಗಂಟೆ ದಾಟಿದ ಮೇಲೆ ಬಂದ ಗುಲಾಬಿಯನ್ನು ನಂಬಬೇಡಿ, ಬೇರೆ ಬ್ಯಾಕ್ಟೀರಿಯಾಗಳೂ ಯೂರಿಯೇಸ್ ಮಾಡುತ್ತವೆ. ಫ್ರಿಜ್‌ನಲ್ಲಿಡುವ ಜೆಲ್ ಕಿಟ್ ಆದರೆ ಕೋಣೆಯ ಬಿಸಿಗೆ ಬಂದ ಮೇಲೇ ಬಳಸಿ. ಮೈಸೂರಿನ ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಮರೆತರೆ ಅದನ್ನು ಎಸೆಯುವುದೇ ಲೇಸು.

ಮಿತಿಯೂ ಇದೆ. ಕೋತಿಗಳಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅಲ್ಲದೆ ಹೆಲಿಕೋಬ್ಯಾಕ್ಟರ್ ಸೂಯಿಸ್ ಎಂಬ ಪ್ರಭೇದವೂ ಇರುತ್ತದೆ. ಕಿಟ್ ಎರಡನ್ನೂ ಬೇರ್ಪಡಿಸಲಾರದು, ಅದಕ್ಕೆ ಡಿಎನ್‌ಎ ನೋಡುವ ಪಿಸಿಆರ್ ಪರೀಕ್ಷೆ ಬೇಕು. ಪೈಲೋರಿಯನ್ನು 1994ರಲ್ಲೇ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ್ದಾರೆ. ಆದರೆ ಜಠರದ ಒಳಪದರ ಸವೆದು ಕ್ಯಾನ್ಸರ್ ಶುರುವಾದಾಗ ಬ್ಯಾಕ್ಟೀರಿಯಾ ಕಡಿಮೆಯಾಗಿ ಕಿಟ್ ಹಳದಿಯಾಗಿಯೇ ಉಳಿಯಬಹುದು. ವಾಂತಿ ಮಾಡುತ್ತ ಸೊರಗುತ್ತಿರುವ ಕೋತಿಗೆ ಹಳದಿ ಕಂಡು ಸಮಾಧಾನಪಡುವುದು ಅಪಾಯ. ಅಂಥದ್ದರ ಚೂರು ಹಿಸ್ಟೋಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪರೀಕ್ಷೆ) ಹೋಗಲೇಬೇಕು.

ಸೋಂಕು ಜಾಲಾಡಲು ಐದಕ್ಕೆ ನಾಲ್ಕು ಅಂಕ. ಕ್ಯಾನ್ಸರ್ ಪತ್ತೆಗೆಂದು ಕೊಳ್ಳಬೇಡಿ.