ಸೈನ್ ವೇವ್ ಇನ್ವರ್ಟರ್: ಫ್ಯಾನು ಸುಮ್ಮನಾಯಿತು, ರೇಡಿಯೊ ಶುರುವಾಯಿತು

ಕರೆಂಟನ್ನು ಚೌಕ ಅಲೆಯಾಗಿ ಕೊಡುವ ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ತೆಗೆದು, ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಹಾಕಿಸಿದ ಮೇಲೆ ಇದು ಮೂರನೇ ಬೇಸಿಗೆ. ವಿಎ (ಅಂದರೆ ಎಷ್ಟು ಲೋಡ್ ಎಳೆಯುತ್ತದೆ ಅನ್ನುವ ಲೆಕ್ಕ), ವಾರಂಟಿ ಎಲ್ಲ ಡಬ್ಬದ ಮೇಲೇ ಇದೆ. ನಾನು ಹೇಳುವುದು ಸದ್ದಿನ ವಿಷಯ.

ಮಂಡ್ಯದ ಸೆಕೆ ಗೊತ್ತಲ್ವಾ, ಫ್ಯಾನಿಲ್ಲದೆ ನಿದ್ದೆಯಿಲ್ಲ. ಹಳೇದರಲ್ಲಿ ಕರೆಂಟು ಹೋದ ಕೂಡಲೇ ಫ್ಯಾನು ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತಿತ್ತು. ಈಗ ಕರೆಂಟು ಹೋಗಿ ಬಂದದ್ದೂ ತಿಳಿಯುವುದಿಲ್ಲ. ಪವರ್ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಅಣ್ಣನ ಮಗ ಕಾರಣ ಹೇಳಿದ. ಸ್ಕ್ವೇರ್ ವೇವ್‌ನಲ್ಲಿ 50 ಹರ್ಟ್ಸ್ ಜೊತೆಗೆ ಅದರ ಬಲದ ಮೂರನೇ ಒಂದರಷ್ಟು 150 ಹರ್ಟ್ಸ್, ಐದನೇ ಒಂದರಷ್ಟು 250 ಹರ್ಟ್ಸ್, ಹೀಗೆ ಸಾಲಾಗಿ ಬರುತ್ತವೆ. ಅವುಗಳಿಂದ ಮೋಟರ್ ಬಿಸಿಯಾಗುತ್ತದೆ, ಗುಂಯ್‌ಗುಡುತ್ತದೆ.

ಬ್ಯಾಟರಿ ಸೇವೆ ನನ್ನದೇ. ತಿಂಗಳ ಮೊದಲ ಭಾನುವಾರ ಮುಚ್ಚಳ ಒರೆಸಿ, ಡಿಸ್ಟಿಲ್ಡ್ ವಾಟರ್ ನಿಧಾನಕ್ಕೆ ಬಿಟ್ಟು, ತೇಲುವ ಕಡ್ಡಿ ಹಸಿರು ಗೆರೆಗೆ ಬಂತಾ ಅಂತ ಬಗ್ಗಿ ನೋಡುತ್ತೇನೆ. ಟರ್ಮಿನಲ್‌ಗೆ ಚೂರು ವ್ಯಾಸಲೀನ್. ಮನೆಯವರು ನಗುತ್ತಾರೆ, ನಗಲಿ.

ಇಷ್ಟೇ ಆಗಿದ್ದರೆ ಐದು ಸ್ಟಾರ್. ಆದರೆ ನಾನು ಬೆಳಿಗ್ಗೆ ಕಾಫಿ ಜೊತೆ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿ ಬೆಂಗಳೂರು ಆಕಾಶವಾಣಿ ಕೇಳುವವನು. ಇನ್ವರ್ಟರ್ ಓಡಲು ಶುರುವಾದರೆ ಸಾಕು, ಪ್ರದೇಶ ಸಮಾಚಾರದ ತುಂಬ ಚರಚರ. ರೇಡಿಯೊ ಓಡುವುದು ಸೆಲ್ ಮೇಲೆ, ಆದರೂ ಬಿಡದು! ಅಂಗಡಿಯವರನ್ನು ಕೇಳಿದರೆ, "ಈಗ ಯಾರು ಸಾರ್ ರೇಡಿಯೊ ಕೇಳ್ತಾರೆ?" ಅಂದರು. ಕೋಪ ಬಂತು.

ಕೊನೆಗೆ ಅಣ್ಣನ ಮಗನೇ ಬಿಡಿಸಿ ಹೇಳಿದ. ಇನ್ವರ್ಟರ್ ಒಳಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಸಾವಿರಾರು ಸಲ ಬ್ಯಾಟರಿಯ ಪೂರ್ತಿ ವೋಲ್ಟೇಜನ್ನು ಹಾಕಿ ತೆಗೆಯುತ್ತವೆ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಸೇರಿ ಅದನ್ನು ನಯ ಮಾಡುತ್ತವೆ. ಫ್ಯಾನಿಗೆ ಅಷ್ಟು ಸಾಕು. ಆದರೆ ಆ ಚುರುಕು ಏರಿಳಿತದ ಗಲಾಟೆ ಗಾಳಿಯಲ್ಲಿ ರೇಡಿಯೊವರೆಗೂ ಬರುತ್ತದೆ. ಇದಕ್ಕೆ ಮದ್ದು ಮಲ್ಟಿಲೆವೆಲ್ ಕನ್ವರ್ಟರ್ ಅಂತೆ. ಅದರಲ್ಲಿ ವೋಲ್ಟೇಜು ಒಂದೇ ನೆಗೆತಕ್ಕೆ ಹೋಗದೆ ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರುತ್ತದೆ. ಮೆಟ್ಟಿಲು ಜಾಸ್ತಿಯಾದಷ್ಟೂ ಅಲೆ ಸೈನ್‌ಗೆ ಹತ್ತಿರ, ಗಲಾಟೆ ಕಡಿಮೆ, ಫಿಲ್ಟರೂ ಚಿಕ್ಕದು. ತಮಿಳುನಾಡಿನ ಪುಗಲೂರು, ಕೇರಳದ ತ್ರಿಶೂರ್ ನಡುವಿನ 320 ಕಿಲೋವೋಲ್ಟ್ ಡಿಸಿ ಲೈನಿನ ಎರಡೂ ತುದಿಯಲ್ಲಿ ಇದೇ ಉಪಾಯ. ಆದರೆ ಸ್ವಿಚ್ಚು ಜಾಸ್ತಿ ಬೇಕು, ಮೆಟ್ಟಿಲು ಕೊಡುವ ಕೆಪಾಸಿಟರ್‌ಗಳ ವೋಲ್ಟೇಜು ಸಮ ಇಡಬೇಕು. ನನ್ನ ಪಿಂಚಣಿಯ 12 ವೋಲ್ಟ್ ಡಬ್ಬಕ್ಕೆ ಅದನ್ನೆಲ್ಲ ಯಾರು ಹಾಕುತ್ತಾರೆ?

ಸದ್ಯಕ್ಕೆ ರೇಡಿಯೊ ಜಗಲಿಗೆ ಹೋಗಿದೆ. ಸ್ವಲ್ಪ ಓರೆಯಾಗಿ ತಿರುಗಿಸಿದರೆ ಚರಚರ ತಗ್ಗುತ್ತದೆ. ನಾಲ್ಕು ಸ್ಟಾರ್ ಕೊಡುತ್ತೇನೆ, ಅದೂ ಫ್ಯಾನಿನ ಮುಖ ನೋಡಿ. ನಿಮ್ಮ ಮನೆಯಲ್ಲಿ ಬರೀ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನಿದ್ದರೆ ಗುಂಯ್ ಕಾಟ ಅಷ್ಟಿರುವುದಿಲ್ಲ, ಅವು ಕರೆಂಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತವೆ. ಮೀಡಿಯಂ ವೇವ್ ಕೇಳುವವರಾದರೆ ಮಾತ್ರ ರೇಡಿಯೊ ಅಂಗಡಿಗೇ ಒಯ್ದು, ಪಕ್ಕದಲ್ಲಿಟ್ಟು, ಇನ್ವರ್ಟರ್ ಆನ್ ಮಾಡಿಸಿ ನೋಡಿ.